ಪೆಟ್ಟಿಗೆಯ ಸಾಲಾವಳಿ

ಮೂರನೆಯ ಕಂಪ್ಯೂಟರೂ ಪೆಟ್ಟಿಗೆಯನ್ನು ಒಲ್ಲೆ ಎಂದಾಗ ದ್ವಾರಕಾನಾಥ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದ. ಮೇಜಿನ ಮೇಲೆ ಆಡಿಯೋ ಇಂಟರ್‌ಫೇಸ್ ಎಂಬ ಆ ಪುಟ್ಟ ಕಪ್ಪು ಪೆಟ್ಟಿಗೆ ನೆತ್ತಿಗೆ ಕುಂಕುಮ ಇಟ್ಟುಕೊಂಡು, ಹಸಿರು ದೀಪ ಹೊತ್ತಿಸಿಕೊಂಡು, ಹಸೆಮಣೆಯ ಮೇಲಿನ ಮದುಮಗಳ ಹಾಗೆ ಕುಳಿತಿತ್ತು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವುದೊಂದೇ ಅದರ ಕೆಲಸ. ಅದೊಂದನ್ನು ಬಿಟ್ಟು ಮಿಕ್ಕ ಶೋಭೆಯೆಲ್ಲ ಅದಕ್ಕಿತ್ತು.

“ಈ ಕಂಪ್ಯೂಟರೂ ಸರಿ ಇಲ್ಲ ಅಂತೀರಾ?” ಬಾಗಿಲಲ್ಲಿ ನಿಂತ ಹೆಂಡತಿ ಪದ್ಮಜಾ ಕೇಳಿದಳು.

“ಇನ್ನೇನು, ನಾನು ಸರಿ ಇಲ್ವಾ?”

ಆ ಸಾಧ್ಯತೆಯನ್ನು ದ್ವಾರಕಾನಾಥ ಬಾಳಿನಲ್ಲಿ ಎಂದೂ ಪರಿಶೀಲಿಸಿದವನಲ್ಲ. ಕಡಲಾಚೆಯ ಈ ದೇಶದಲ್ಲಿ, ಶಾಮ್‌ಬರ್ಗಿನ ಕಂಪನಿಯೊಂದರಲ್ಲಿ, ಅವನ ಉದ್ಯೋಗವೇ ಒಂದು ಯಂತ್ರ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಾಗಿತ್ತು. 2009ರ ಜನವರಿಯಲ್ಲಿ ಯಂತ್ರಗಳೆಲ್ಲ ಒಂದಕ್ಕೊಂದು ಹೊಂದುತ್ತಿವೆ, ಬಜೆಟ್ಟಿಗೆ ಹೊಂದದವನು ನೀನೊಬ್ಬನೇ ಎಂದು ಕಂಪನಿ ಕೈಕುಲುಕಿ ಕಳಿಸಿತು. ಅವನು ಮ್ಯಾನೇಜರನ್ನು ಬೈದ, ಬ್ಯಾಂಕುಗಳನ್ನು ಬೈದ, ಶನಿಯನ್ನೂ ಬಿಡಲಿಲ್ಲ. ಬೈದು ಮುಗಿದ ಮೇಲೆ ಉಳಿದದ್ದು ದನಿಯೊಂದೇ. ಅದಕ್ಕೇನೂ ಕೊರತೆಯಿರಲಿಲ್ಲ, ಕನ್ನಡ ಕೂಟದಲ್ಲಿ ಅವನು ನಿರೂಪಣೆಗೆ ನಿಂತರೆ ಮೈಕಿಲ್ಲದೆ ಪಾರ್ಕಿಂಗ್ ಲಾಟಿನ ತನಕ ಕೇಳುತ್ತಿತ್ತು.

ಈಗ ಡೌನರ್ಸ್ ಗ್ರೋವಿನ ಸಂಸ್ಥೆಯೊಂದು ಫೋನಿನ ಸಹಾಯವಾಣಿಗೆ ಕನ್ನಡದ ದನಿ ಹುಡುಕುತ್ತಿತ್ತು. ಮನೆಯಲ್ಲೇ ರೆಕಾರ್ಡ್ ಮಾಡಿದ ಮಾದರಿ ಈ ಸಂಜೆ ಐದರೊಳಗೆ ಅವರಿಗೆ ತಲುಪಬೇಕು. ಸಿಕ್ಕರೆ ಮನೆಯಲ್ಲೇ ಕೆಲಸ. ದೇವಸ್ಥಾನದಲ್ಲಿ ಯಾರಾದರೂ “ನಿಮ್ಮ ಯಜಮಾನ್ರು ಈಗ ಎಲ್ಲಿದಾರೆ?” ಎಂದಾಗ ಪದ್ಮಜಾ ಒಂದು ನಗು ನಕ್ಕು ಪ್ರಸಾದದ ಸಾಲಿಗೆ ಜಾರಿಕೊಳ್ಳುತ್ತಿದ್ದಳು. ಆ ನಗು ಅವನಿಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ನೋಯಿಸಿತ್ತು. ಅವಳ ಬಾಯಿಗೊಂದು ಉತ್ತರ ಕೊಡಬೇಕು ಎಂಬುದೇ ಅವನ ಹಟ.

ಆದರೆ ಪೆಟ್ಟಿಗೆಗೆ ಕಂಪ್ಯೂಟರು ಹುಡುಕುವುದು ಮಗಳಿಗೆ ಗಂಡು ಹುಡುಕಿದ ಹಾಗಾಯಿತು. ಅವನ ಹಳೆಯ ಲ್ಯಾಪ್‌ಟಾಪಿಗೆ ಆ ಕೇಬಲ್ ಸಿಕ್ಕಿಸುವ ತೂತೇ ಇರಲಿಲ್ಲ. ಅದನ್ನು ಪೆಟ್ಟಿಗೆ ಕೊಂಡ ಮೇಲೆ ನೋಡಿಕೊಂಡ. ಅಂಗಡಿಯಿಂದ ತಂದ ಹೊಸದಕ್ಕೆ ತೂತಿತ್ತು, ಪೆಟ್ಟಿಗೆಯ ಗುರುತು ಸಿಗಲಿಲ್ಲ. “ಒಳಗಿನ ಚಿಪ್ ಬೇರೆ, ಸಾಲಾವಳಿ ಕೂಡಲಿಲ್ಲ” ಎಂದು ಅದನ್ನು ವಾಪಸು ಮಾಡಿದ. ಕೊನೆಗೆ ಇಂಥದೇ ಪೆಟ್ಟಿಗೆಯ ಜೊತೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಗೆಳೆಯ ಕಲ್ಲಿನಾಥನ ಕಂಪ್ಯೂಟರನ್ನೇ ಸ್ಕೋಕಿಯಿಂದ ಕಾರಿನಲ್ಲಿ ಹೊತ್ತು ತಂದ. ಅದೂ ಮುಖ ತಿರುಗಿಸಿತು.

ಕಲ್ಲಿನಾಥನಿಗೆ ಫೋನ್ ಹಚ್ಚಿದ.

“ನಮ್ಮನ್ಯಾಗ ಚಲೋ ನಡೀತಿತ್ತಲ್ಲಪಾ! ಕೇಬಲ್ ಪೂರ್ತಿ ಒಳಗ ಹೋಗೇತೇನ್ ನೋಡು.”

“ನಂಗೆ ಹೇಳ್ಕೊಡ್ಬೇಡ ಕಣಯ್ಯ. ಹೊಟ್ಟೆಪಾಡಿಗೆ ಇದೇ ಕೆಲಸ ಮಾಡಿದೋನು ನಾನು.” ಫೋನ್ ಇಟ್ಟ.

ಹೊಟ್ಟೆಪಾಡಿಗೆ ಆ ಕೆಲಸ ಮಾಡದಿದ್ದ ಪದ್ಮಜಾ ಬಗ್ಗಿ ನೋಡಿದಳು. ಕೇಬಲಿನ ಮೂತಿ ಪೆಟ್ಟಿಗೆಯಿಂದ ಕೊಂಚ ಹೊರಗೇ ನಿಂತಿತ್ತು. ಎಳೆದು ತೆಗೆದು, ತೂತಿನೊಳಗೆ ಟಾರ್ಚ್ ಬಿಟ್ಟು, ತಲೆಯಿಂದ ಪಿನ್ನೊಂದನ್ನು ಕಿತ್ತು ಮೆಲ್ಲಗೆ ಮೀಟಿದಳು. ಅರಿಸಿನ ಹತ್ತಿದ ಅಕ್ಕಿಕಾಳೊಂದು ಅವಳ ಅಂಗೈಗೆ ಬಿತ್ತು.

ಆಯುಧಪೂಜೆಗೆ ಮುಂಚೆ ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದವನು ಅವನೇ. “ರಟ್ಟಿನ ಡಬ್ಬದ ಮೇಲೆ ಎರಡು ಕಾಳು ಹಾಕಿ, ಸಾಕು” ಎಂದು ಅವಳು ಹೇಳಿದ್ದಳು. “ಡಬ್ಬಕ್ಕೆ ಪೂಜೆ ಮಾಡಿದ್ರೆ ಡಬ್ಬ ತಾನೇ ಕೆಲಸ ಮಾಡೋದು?” ಎಂದು ಪೆಟ್ಟಿಗೆಯನ್ನು ಹೊರತೆಗೆದು, ಮಂತ್ರ ಹೇಳಿ, ಮುಷ್ಟಿ ತುಂಬ ಅಕ್ಷತೆ ಸುರಿದವನೂ ಅವನೇ.

ದ್ವಾರಕಾನಾಥ ಕನ್ನಡಕ ಏರಿಸಿ ಕಾಳನ್ನು ಪರೀಕ್ಷಿಸಿದ.

“ಸೋನಾ ಮಸೂರಿ,” ಎಂದ. “ಅದಕ್ಕೇ ಹೇಳೋದು. ಬಾಸ್ಮತಿ ತಂದಿದ್ರೆ ಒಳಗೆ ಹೋಗ್ತಾನೇ ಇರ್ಲಿಲ್ಲ.”

ಪದ್ಮಜಾ ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡು ಗಡಿಯಾರ ತೋರಿಸಿದಳು. ನಾಲ್ಕು ದಾಟಿತ್ತು.

ಕೇಬಲ್ ಟಕ್ಕೆಂದು ಕೂತಿತು. ಕಲ್ಲಿನಾಥನ ಕಂಪ್ಯೂಟರು ಪೆಟ್ಟಿಗೆಯನ್ನು ತಕ್ಷಣ ಗುರುತಿಸಿತು. ದನಿ ಮಾರ್ದನಿಸಬಾರದೆಂದು ದ್ವಾರಕಾನಾಥ ಮೈಕ್ ಹಿಡಿದು ಬಟ್ಟೆಗಳ ಕ್ಲಾಸೆಟ್ಟಿನೊಳಗೆ, ಅವಳ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ ನಿಂತ. ಪದ್ಮಜಾ ಹೊರಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂಬುದನ್ನು ಅವನು ರಾಜ್ಯೋತ್ಸವದ ಭಾಷಣದಂತೆ ಮೊಳಗಿಸಿದ. ಉಳಿದ ಸಾಲುಗಳೂ ಹಾಗೆಯೇ ಸಲೀಸಾಗಿ ಹೋದವು. ಕೊನೆಯ ಸಾಲಿಗೆ ಬಂದು ನಾಲಗೆ ತಡವರಿಸಿತು. ಸೀರೆಗಳ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು. ದೇವಸ್ಥಾನದ ಆ ನಗು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಕೂಟದ ಗತ್ತೆಲ್ಲ ಇಳಿದುಹೋದ ದನಿಯಲ್ಲಿ ಓದಿದ:

“ಕ್ಷಮಿಸಿ. ತಪ್ಪು ನಮ್ಮದೇ. ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ.”

ಹೊರಗೆ ಅವಳು ಹೆಡ್‌ಫೋನ್ ತೆಗೆದಿಟ್ಟಳು.

“ಇನ್ನೊಂದ್ಸಲ ಹೇಳಿ,” ಎಂದಳು ಪದ್ಮಜಾ.

“ಯಾಕೆ, ರೆಕಾರ್ಡ್ ಆಗ್ಲಿಲ್ವಾ?”

“ಆಗಿದೆ. ಅದು ಅವರಿಗೆ. ಇನ್ನೊಂದು ನಂಗೆ.”