ಏಳನೆಯ ಪಾಠದ ದಿನ

ಟಿಯಾನಾ ಅವತ್ತು ತರಗತಿಗೆ ಬರಲೇ ಇಲ್ಲ. ಯಾರಿಗಾಗಿ ಅಡುಗೆ ಮಾಡಿದ್ದೋ ಅವರೇ ಊಟಕ್ಕಿಲ್ಲ ಎಂದರೆ ಹೇಗಾಗುತ್ತದೋ, ವರ್ನಾ ಮೇಡಂಗೆ ಹಾಗಾಯಿತು.

ಮಿನೆಸೋಟದ ಆ ಚಿಕ್ಕ ಊರಿನ ಹೈಸ್ಕೂಲಿನಲ್ಲಿ ವಂಶವಾಹಿಗಳ ಪಾಠ ಕೇಳುವವರ ಪೈಕಿ ಟಿಯಾನಾ ಒಬ್ಬಳೇ ಕಪ್ಪು ಹುಡುಗಿ. ಏಳನೆಯ ಪಾಠ ಸಿಕಲ್ ಸೆಲ್, ಅಂದರೆ ರಕ್ತದ ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ. ಪುಸ್ತಕ ಬರೆದ ಪುಣ್ಯಾತ್ಮ ಅದನ್ನು ಕಪ್ಪು ಜನರ ಕಾಯಿಲೆ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದ. ಆ ಸಾಲು ಬಂದಾಗ ಇಡೀ ತರಗತಿ ಆ ಮಗುವಿನ ಕಡೆ ತಿರುಗಬಾರದು, ಅಷ್ಟೇ ವರ್ನಾಳ ಹಟ. ವಾರವಿಡೀ ಕೂತು ಪಾಠವನ್ನೇ ಬುಡಮೇಲು ಮಾಡಿದ್ದಳು. "ವಂಶವಾಹಿ ಅಂದ್ರೆ ಬಟಾಣಿ ಗಿಡ ಹೇಳ್ಕೊಟ್ರೆ ಸಾಲ್ದಾ? ಇಲ್ಲದ ಉಸಾಬರಿ ಯಾಕ್ ನಿಂಗೆ?" ಎಂದು ಜೊತೆಯ ಮೇಷ್ಟ್ರುಗಳು ಮೂಗು ಮುರಿದಿದ್ದರು. ಆಮೇಲಿಂದ ಕಾಫಿಗೂ ಯಾರೂ ಅವಳನ್ನು ಕರೆಯುತ್ತಿರಲಿಲ್ಲ.

ಪರದೆಯ ಮೇಲೆ ಮೊದಲು ಬಂದದ್ದು ಬೆಳ್ಳಗಿನ ಗ್ರೀಕ್ ಅಜ್ಜಿಯ ಚಿತ್ರ.

"ಈ ಅಜ್ಜಿಗೂ ಸಿಕಲ್ ಸೆಲ್ ಇದೆ."

"ಅದು ಕಪ್ಪಗಿರೋರಿಗೆ ಮಾತ್ರ ಅಲ್ವಾ ಮೇಡಂ?" ಎಂದ ಮುಂದಿನ ಬೆಂಚಿನ ಹುಡುಗ ಗನ್ನರ್.

"ಸೊಳ್ಳೆ ಏನು ಬಣ್ಣ ನೋಡಿ ಕಚ್ಚುತ್ತೇನೋ? ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದೋರನ್ನ ಮಲೇರಿಯಾ ಅಷ್ಟು ಸುಲಭಕ್ಕೆ ಕೊಲ್ಲಲ್ಲ, ಅದಕ್ಕೇ ಮಲೇರಿಯಾ ಹೆಚ್ಚಿದ್ದ ಕಡೆ ಇದು ಉಳ್ಕೊಂಡು ಬಂತು. ಗ್ರೀಸ್, ಅರಬ್ ನಾಡು, ಇಂಡಿಯಾ, ಆಫ್ರಿಕಾ..."

ಗನ್ನರ್ ತಲೆ ಕೆರೆದುಕೊಂಡ. ಪಾಠ ನಾಟಿತ್ತು. ಆದರೆ ಆಫ್ರಿಕಾ ಎಂದ ತಕ್ಷಣ ಒಂದೊಂದೇ ತಲೆ ಕಿಟಕಿಯ ಪಕ್ಕಕ್ಕೆ ತಿರುಗಿತು, ಟಿಯಾನಾಳ ಖಾಲಿ ಕುರ್ಚಿಯತ್ತ.

ಊಟದ ಹೊತ್ತಿಗೆ ಟಿಯಾನಾ ವರ್ನಾಗೆ ಸಿಕ್ಕಿದ್ದು ಲೈಬ್ರರಿಯ ಮೂಲೆಯಲ್ಲಿ. ಸುತ್ತ ಎಲ್ಲ ಮೇಜೂ ಖಾಲಿ. ಒಬ್ಬಳೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

"ಹುಷಾರಿಲ್ವೇನಮ್ಮಾ?"

"ಚೆನ್ನಾಗೇ ಇದೀನಿ ಮೇಡಂ. ಇವತ್ತು ಏಳನೇ ಪಾಠ ಅಲ್ವಾ? ಹಿಂದಿನ ಸ್ಕೂಲಲ್ಲಿ ಒಂದ್ಸಲ ಕೂತು ಅನುಭವಿಸಿದೀನಿ. ಸಾಕು."

"ಅಯ್ಯೋ, ಆ ಪಾಠನೇ ಬದಲಾಯಿಸಿದ್ನಲ್ಲೇ! ನಿನಗೋಸ್ಕರಾನೇ!"

"ನನಗೋಸ್ಕರಾನಾ?" ಟಿಯಾನಾ ತಿನ್ನುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಯಾರೂ ನನ್ನ ಕುರ್ಚಿ ಕಡೆ ನೋಡ್ಲಿಲ್ವಾ?"

ಇಲ್ಲ ಎನ್ನಲು ವರ್ನಾ ಬಾಯಿ ತೆರೆದಳು. ಸುಳ್ಳು ಹೊರಗೆ ಬರಲಿಲ್ಲ.

"ನೋಡಿದ್ರು."

"ಮೊದಲು ಯಾರು?"

ವರ್ನಾ ಎದುರಿನ ಕುರ್ಚಿಯಲ್ಲಿ ಕುಸಿದಳು. "ನಾನೇ ಕಣಮ್ಮಾ. ನೀನು ಇದ್ದಿದ್ರೆ ನಿನಗೆ ನೋವಾಗ್ತಿತ್ತೇನೋ ಅಂತ..."

"ಗೊತ್ತು ಮೇಡಂ," ಎಂದಳು ಟಿಯಾನಾ ಮೆಲ್ಲಗೆ. "ಪಾಪ ಅಂತ ನೋಡಿದ್ರೂ, ನೋಡಿದ ಹಾಗೇ ಅಲ್ವಾ?"