ಅರ್ಧ ಗಂಟೆಯ ದಾರಿ

"ತೂಕ ಜಾಸ್ತಿಯಾಯ್ತು ಅಜ್ಜಿ. ನಿನ್ನ ಸೊಸೆ, ನರ್ಸಮ್ಮ ಇಬ್ರೂ ಇಲ್ಲೇ ಉಳೀಬೇಕು" ಎಂದ ಬೂಲೆ. ಪೆಂಟೆಕೋಸ್ಟ್ ದ್ವೀಪದ ಆ ಹುಲ್ಲು ನೆಲದ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಕೊಡುವವನೂ ಅವನೇ, ಜನರನ್ನೂ ಮೂಟೆಗಳನ್ನೂ ತೂಗುವವನೂ ಅವನೇ. ಮಾತಾಡುವಾಗ ಮಬೋನಜ್ಜಿಯ ಮುಖ ನೋಡಲಿಲ್ಲ.

ಏಳು ತಿಂಗಳ ಬಸುರಿ ಎಸ್ತೇರ್ ಬೆಂಚಿನ ಮೇಲೆ ಕಾಲು ಮಡಚಿ ಮಲಗಿದ್ದಳು. ಬೆಳಗಿನಿಂದ ರಕ್ತ ಹೋಗುತ್ತಿತ್ತು. ಇವತ್ತೇ ಸ್ಯಾಂಟೋ ದ್ವೀಪದ ಆಸ್ಪತ್ರೆ ಸೇರದಿದ್ದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ ಎಂದಿದ್ದಳು ನರ್ಸ್. ಆದರೆ ಒಂದು ಸೀಟಿಗೆ ರಾಜಧಾನಿಯ ಅಧಿಕಾರಿ ಗಾರೇ ಬಂದಿದ್ದ. ಇನ್ನೊಂದರ ತೂಕವನ್ನು ಅವನಿಗೆ ಕಾಣಿಕೆ ಬಂದ ಕೆಸುವಿನ ಗೆಡ್ಡೆಯ ಚೀಲಗಳು ನುಂಗಿದ್ದವು.

ಎದುರು ಬಂದು ನಿಂತ ಅಜ್ಜಿಗೆ ಗಾರೇ ಫೋನಿನಲ್ಲಿ ನಕಾಶೆ ತೋರಿಸಿದ. "ನೋಡಜ್ಜಿ, ಸ್ಯಾಂಟೋಗೆ ಬರೀ ಅರ್ಧ ಗಂಟೆ. ಇಷ್ಟು ಹತ್ರಕ್ಕೆ ಯಾಕೆ ಗಾಬರಿ? ಮುಂದಿನ ವಿಮಾನಕ್ಕೆ ಕಳ್ಸು."

"ಅದ್ಯಾವಾಗ?"

"ಶುಕ್ರವಾರ" ಎಂದ ಬೂಲೆ. ಅಂದು ಮಂಗಳವಾರ.

"ಹಾಗಾದ್ರೆ ದೋಣೀಲಿ ಹೋಗ್ಲಿ" ಎಂದ ಗಾರೇ.

"ಈ ಗಾಳೀಲಿ ನಿನ್ನ ಹೆಂಡ್ತಿನ ಕಳಿಸ್ತಿದ್ಯಾ? ಅರ್ಧ ಗಂಟೆ ಹತ್ತಿ ಕೂತೋನಿಗೆ ಕಣಪ್ಪ. ಕೆಳಗೆ ಉಳಿದೋಳಿಗೆ ಮೂರು ದಿನ."

ಗಾರೇ ನಕ್ಕು ವಿಮಾನ ಹತ್ತಿದ.

ಅಜ್ಜಿ ಬೇಲಿಯಂಚಿನಿಂದ ನಮೆಲೆ ಎಂಬ ಈಚಲಿನಂಥ ಗಿಡದ ಎರಡು ಗರಿ ಕಡಿದು ತಂದು, ವಿಮಾನದ ಮುಂದಿನ ಚಕ್ರದೆದುರು ಒಂದಕ್ಕೊಂದು ಅಡ್ಡವಾಗಿ ನೆಟ್ಟಳು. ಆ ನೆಲ ಅವಳ ತಾಯಿಯ ಕಡೆಯದು. ದ್ವೀಪದ ಕಟ್ಟಳೆಯಂತೆ ಅವಳು ನೆಟ್ಟ ಗರಿಯನ್ನು ಅವಳೇ ಕೀಳಬೇಕು; ಅಲ್ಲಿಯವರೆಗೆ ಯಾರೂ ದಾಟುವಂತಿಲ್ಲ. ನೆಟ್ಟದ್ದು ತಪ್ಪೆಂದು ಹಿರಿಯರು ಹೇಳಿದರೆ ಅವಳು ಕೋರೆಹಂದಿಯನ್ನು ದಂಡ ತೆರಬೇಕು.

"ಇರೋದೊಂದು ಹಂದಿ. ಬೇಕಾದ್ರೆ ಹೊಡ್ಕೊಂಡು ಹೋಗ್ಲಿ" ಎಂದಳು.

ಎಂಜಿನ್ ಶುರುಮಾಡಲು ಹೊರಟ ಪೈಲಟ್ ಗರಿ ಕಂಡು ಕೈ ಹಿಂದೆಗೆದ.

"ಎರಡು ಎಲೆಗೆ ಹೆದರ್ತೀರಾ? ಕಿತ್ತು ಬಿಸಾಕಿ" ಎಂದು ಗಾರೇ ಬಾಗಿಲಿನಿಂದ ಗದರಿದ. ಯಾರೂ ಕದಲಲಿಲ್ಲ. ತಾನೇ ಇಳಿದು ಬಂದು, ಒದೆಯಲು ಬೂಟುಗಾಲನ್ನು ಹಿಂದಕ್ಕೆತ್ತಿದ. ಕಾಲು ಅಲ್ಲೇ ನಿಂತಿತು. ಪಕ್ಕದ ದ್ವೀಪದಲ್ಲಿ ಅವನನ್ನೂ ಇಂಥ ಅಜ್ಜಿಯೊಬ್ಬಳೇ ಸಾಕಿದ್ದಳು. ಮೆಲ್ಲಗೆ ಕಾಲನ್ನು ನೆಲಕ್ಕಿಟ್ಟ.

"ಚೀಲ ಇಳಿಸ್ರಿ" ಎಂದ, ಯಾರನ್ನೂ ನೋಡದೆ.

ಚೀಲಗಳು ಇಳಿದವು. ಎಸ್ತೇರಳನ್ನು ಎತ್ತಿ ತಂದು ಒಳಗೆ ಕೂರಿಸಿದರು. ಅವಳ ಕೈಗೆ ಚುಚ್ಚಿದ್ದ ಸಲೈನ್ ಬಾಟಲಿಯನ್ನು ಎತ್ತಿ ಹಿಡಿದ ನರ್ಸ್ ಮಾತ್ರ ಬಾಗಿಲ ಹೊರಗೇ ನಿಂತಿದ್ದಳು. ಗಾರೇ ಅವಳನ್ನು ಸರಿಸಿ ಮೆಟ್ಟಿಲ ಮೇಲೆ ಕಾಲಿಟ್ಟ.

"ಆಯ್ತಲ್ಲ ಅಜ್ಜಿ. ಈಗ ಗರಿ ಕೀಳು."

ಅಜ್ಜಿ ಗರಿಗಳ ಪಕ್ಕದಲ್ಲೇ ಕಾಲು ಚಾಚಿ ಕೂತಳು.

"ಗೆಡ್ಡೆ ಇಳೀತು. ಇನ್ನು ನೀನು."