ಒಂದು ಮಹಡಿ ಮೇಲೆ

ಮೇಲಿಂದ ಏನೋ ಧಡಾರನೆ ಬಿದ್ದ ಸದ್ದಿಗೆ ಚಂದ್ರಬಾಯಿ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ತಗಡಿನ ಶೆಡ್ಡಿನಿಂದ ಹೊರಗೋಡಿ ಬಂದಳು. ಖಾರಘರ ಪಟ್ಟಣದ ಆ ಅರೆಕಟ್ಟಿದ ಟವರಿನಲ್ಲಿ ತಾನು ಕೆಲಸ ಮಾಡುವ ಮಹಡಿಯ ಸರಳಿಗೆ ಅವಳ ಗಂಡ ಸೈದಪ್ಪ ದಿನಾ ಅವಳ ಹಳೆ ಸೀರೆಯ ಕೆಂಪು ಚೂರೊಂದನ್ನು ಕಟ್ಟುತ್ತಿದ್ದ. ಕೆಳಗಿನಿಂದ ಅದು ಕಂಡರೆ ಅವಳಿಗೆ ಸಮಾಧಾನ. ನಿನ್ನೆ ಅದಿದ್ದ ಜಾಗದಲ್ಲಿ ಈಗ ಬರೀ ಸಿಮೆಂಟು.

"ಕೆಂಪು ಅರಿವಿ ಕಾಣವಲ್ದು ಅಕ್ಕಾ," ಎಂದಳು.

ಪಕ್ಕದ ಶೆಡ್ಡಿನ ಸುಲೋಚನಾ ಅವಳ ಗದ್ದಕ್ಕೆ ಕೈಕೊಟ್ಟು ಮುಖವನ್ನು ಇನ್ನಷ್ಟು ಮೇಲಕ್ಕೆತ್ತಿದಳು. "ಬಿದ್ದದ್ದು ಹಲಗಿ, ಯಾರಿಗೂ ಏನೂ ಆಗಿಲ್ಲಂತ. ನೀ ಎಲ್ಲಿ ನೋಡ್ಲಿಕತ್ತಿ? ನಿನ್ನಿ ಸ್ಲ್ಯಾಬ್ ಹಾಕ್ಯಾರ, ಬಿಲ್ಡಿಂಗ್ ಬೆಳದದ."

ಒಂದು ಮಹಡಿ ಮೇಲೆ, ಆಕಾಶಕ್ಕೇ ಕಟ್ಟಿದಂತೆ, ಕೆಂಪು ಚೂರು ಪಟಪಟ ಹಾರುತ್ತಿತ್ತು. ಅದರ ಪಕ್ಕದಲ್ಲಿ ಸೈದಪ್ಪ ಬಗ್ಗಿ ನಿಂತು ಕೈಬೀಸುತ್ತಿದ್ದ.

ಚಂದ್ರಬಾಯಿ ಜಾರಿದ ಸೆರಗನ್ನು ತಲೆಗೆಳೆದುಕೊಂಡು ಒಳಬಂದಳು. ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು. ಅದನ್ನು ಎಸೆಯಲಿಲ್ಲ. ಗಂಡನ ಬುತ್ತಿಯಲ್ಲಿ ಎಲ್ಲ ರೊಟ್ಟಿಗಳ ಮೇಲೆ ಇಟ್ಟಳು.

"ಮ್ಯಾಲ ಹೋಗ್ತೀನಿ ಅಂತ ಒಂದು ಮಾತು ಹೇಳ್ಬೇಕಿಲ್ಲೇನು? ತಿನ್ಲಿ ಇದನ್ನ."